ಏಕಾಂತಪ್ಪನ ಕಿವಿ

ಲಾರಿ ಚೆನ್ನಾಗಿಯೇ ಓಡುತ್ತಿತ್ತು. ಏಕಾಂತಪ್ಪನ ಸಂಕಟವೇ ಅದು. ಮಾಚೇನಹಳ್ಳಿಯ ಅವನ ರಿಪೇರಿ ಶೆಡ್ಡಿನ ನಡುವೆ ಬಾನೆಟ್ಟು ಎತ್ತಿಸಿಕೊಂಡು ನಿಂತಿದ್ದ ಆ ಹಳೆಯ ಮಿಲಿಟರಿ ಲಾರಿ ಬೆಳಗಿನಿಂದ ಒಂದೇ ಸಮ ಗುಡುಗುತ್ತಿತ್ತು. ನಡುಕವಿಲ್ಲ, ಕರಿಹೊಗೆಯಿಲ್ಲ, ಆಕ್ಸಿಲರೇಟರ್ ಒತ್ತಿದರೆ ಕರೆದವರಿಗೆ ಓಗೊಟ್ಟ ಹಾಗೆ ಎದ್ದು ಬರುತ್ತಿತ್ತು. ಇದೇ ಲಾರಿ ನಿನ್ನೆ ಹೊಳಲೂರಿನ ಹೊಳೆಯಲ್ಲಿ ಮರಳು ತುಂಬಿಕೊಂಡು ದಂಡೆ ಹತ್ತುವಾಗ ಅರ್ಧ ಏರಿನಲ್ಲಿ ಶಕ್ತಿಯೆಲ್ಲ ಸೋರಿಹೋಗಿ ನಿಂತುಬಿಟ್ಟಿತು ಎಂದು ಭೀಮೇಶ ಹೇಳುತ್ತಿದ್ದ. ಭೀಮೇಶ ಲಾರಿಯ ಮಾಲೀಕ, ಡ್ರೈವರೂ ಅವನೇ. ಸುಳ್ಳು ಹೇಳುವ ಪೈಕಿಯವನಲ್ಲ. ಸುಳ್ಳು ಹೇಳುವವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಏಕಾಂತಪ್ಪನಿಗೆ ಒಂದು ಗಳಿಗೆ ಅನಿಸಿತು. ಲಾರಿಯಲ್ಲಿ ದೋಷ ಇರುವುದು ನಿಜವಾದರೆ ಅದು ಇಲ್ಲಿ, ತನ್ನ ಮೂಗಿನ ಕೆಳಗೇ ಎಲ್ಲೋ ಸದ್ದು ಮಾಡುತ್ತಿರಬೇಕು, ಮತ್ತು ಆ ಸದ್ದು ತನಗೆ ಕೇಳಿಸುತ್ತಿಲ್ಲ. ಅಲ್ಲಿಯವರೆಗೆ ಬಂದ ಯೋಚನೆಯನ್ನು ಅವನು ಅಲ್ಲಿಗೇ ಬಿಟ್ಟು, ಬೇಕಿಲ್ಲದಿದ್ದರೂ ಒಂದು ಸ್ಪ್ಯಾನರ್ ಕೈಗೆತ್ತಿಕೊಂಡು ಒರೆಸತೊಡಗಿದ.

ಏಕಾಂತಪ್ಪನ ಕಿವಿ ಅಂತಿಂಥ ಕಿವಿಯಾಗಿರಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಡೀಸೆಲ್ ಗಾಡಿ ಇಟ್ಟುಕೊಂಡವರೆಲ್ಲ ಅದನ್ನು ಬಲ್ಲವರೇ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಪಕ್ಕದ ಶೆಡ್ಡಿನ ಮುರುಗೇಶಪ್ಪ ಕಬ್ಬಿಣ ಕಡೆಯುವ ತನ್ನ ಲೇತು ಆರಿಸಿ ಕಾಯುತ್ತಿದ್ದ. ‘ಎರಡನೇದು ಸರಿಯಾಗಿ ಉಗುಳ್ತಿಲ್ಲ ನೋಡು’ ಎನ್ನುತ್ತಿದ್ದ ಏಕಾಂತಪ್ಪ ಕಣ್ಣು ತೆರೆದು. ಬಿಚ್ಚಿ ನೋಡಿದರೆ ಡೀಸೆಲ್ ಉಗುಳುವ ಎರಡನೆಯ ನಾಜಲ್ಲೇ ಕಟ್ಟಿರುತ್ತಿತ್ತು. ಆ ಕಿವಿ ಹೋಗತೊಡಗಿ ಎರಡು ವರ್ಷವಾಗಿತ್ತು. ಮೊದಲು ಹೋದದ್ದು ಜೀರುಂಡೆ. ಒಂದು ಮಳೆಗಾಲದ ಸಂಜೆ ಊಟಕ್ಕೆ ಕೂತಾಗ ‘ಈ ವರ್ಷ ಜೀರುಂಡೆಯೇ ಇಲ್ಲವಲ್ಲ’ ಎಂದುಕೊಂಡ; ಬಾಯಿಬಿಟ್ಟು ಅನ್ನದೆ ಉಳಿದದ್ದು ಪುಣ್ಯ, ಏಕೆಂದರೆ ಮರುಗಳಿಗೆಯೇ ಹೆಂಡತಿ ದಾಕ್ಷಾಯಣಮ್ಮ ‘ಏನ್ ಕಿವಿ ತೂತು ಬೀಳೋ ಹಂಗೆ ಕೂಗ್ತಾವಪ್ಪ ಇವು’ ಎಂದು ಎದ್ದು ಕಿಟಕಿ ಹಾಕಿದಳು. ಆಮೇಲೆ ಅವಳ ಬಳೆಯ ಸದ್ದು ಹೋಯಿತು, ಫೋನಿನ ಗಂಟೆ ಹೋಯಿತು, ಇಂಜಿನ್ನಿನೊಳಗಿನ ಟಿಕ್ ಟಿಕ್ ಹೋಯಿತು. ಸುತ್ತಿಗೆ, ರೈಲು, ಗಂಡಸರ ಗಟ್ಟಿ ದನಿ, ಇಂಥ ದಪ್ಪ ಸದ್ದುಗಳೆಲ್ಲ ಹಾಗೆಯೇ ಉಳಿದಿದ್ದವು. ತೆಳ್ಳನೆಯವು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಎದ್ದು ಹೋಗಿದ್ದವು. ಈಗಲೂ ಅವನು ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಮುರುಗೇಶಪ್ಪ ಈಗಲೂ ಲೇತು ನಿಲ್ಲಿಸುತ್ತಿದ್ದ. ಪಕ್ಕದವನ ಆ ಮರ್ಯಾದೆಯ ಮೌನದಲ್ಲಿ ನಿಂತು ಏಕಾಂತಪ್ಪ ಬೆವರುತ್ತಿದ್ದ. ಪೈಪುಗಳನ್ನು ಕೈಯಲ್ಲಿ ಹಿಡಿದು, ಹೊಗೆಯ ಬಣ್ಣ ನೋಡಿ, ಡ್ರೈವರನ ಬಾಯಿಂದಲೇ ಅರ್ಧ ವಿಷಯ ಹೊರಡಿಸಿ ಹೇಗೋ ದಾರಿ ಸಾಗಿಸಿದ್ದ. ಯಾರಿಗೂ ಹೇಳಿರಲಿಲ್ಲ. ಯಾರಿಗೂ ಗೊತ್ತಾಗಿರಲೂ ಇಲ್ಲ.

ಈ ಲಾರಿಯಲ್ಲಿ ಅವನು ಅನುಮಾನಿಸದೆ ಬಿಟ್ಟ ಜಾಗವಿರಲಿಲ್ಲ. ಮಿಲಿಟರಿಯವರು ಹರಾಜಿನಲ್ಲಿ ಕಳಚಿಕೊಂಡ ಗಾಡಿ ಅದು. ಮುಂದಿನ ಚಕ್ರವೂ ಎಳೆಯುತ್ತದೆ, ಹೊಳೆಗೆ ಇಳಿದು ಹತ್ತುತ್ತದೆ ಎಂಬ ಒಂದೇ ಕಾರಣಕ್ಕೆ ಭೀಮೇಶ ಅದನ್ನು ಮುದ್ದಿನಿಂದ ಸಾಕಿಕೊಂಡಿದ್ದ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಏಕಾಂತಪ್ಪನ ಶೆಡ್ಡಿನ ಹಿಂದೆ ನಿಂತಿರುತ್ತಿತ್ತು, ಆಯುಧಪೂಜೆಯೂ ಅದಕ್ಕೆ ಅಲ್ಲೇ. ದೀಪಾವಳಿ ಕಳೆದು ನೀರಿಳಿದ ಮೇಲೆ ಈ ವರ್ಷ ಹೊರಗೆ ತೆಗೆದದ್ದೇ ತಡ, ಕಾಯಿಲೆ ಶುರುವಾಗಿತ್ತು. ನಿಂತ ಗಾಡಿಯಲ್ಲವೇ, ಡೀಸೆಲ್ಲಿಗೆ ನೀರು ಸೇರಿರಬೇಕೆಂದು ಹಳೆಯದನ್ನೆಲ್ಲ ಹರಿಸಿ ಹೊಸದು ತುಂಬಿಸಿದ. ಫಿಲ್ಟರ್ ಬದಲಿಸಿದ. ಗಾಳಿ ಎಳೆದುಕೊಳ್ಳುವ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿತ್ತು. ಅದನ್ನು ಕಂಡು ‘ಸಿಕ್ಕಿತು ಕಳ್ಳ’ ಎಂದು ಇಬ್ಬರೂ ಖುಷಿಪಟ್ಟು ಟೀ ತರಿಸಿ ಕುಡಿದರು. ಮರುದಿನ ಲಾರಿ ಮತ್ತೆ ಅದೇ ಏರಿನಲ್ಲಿ ನಿಂತಿತು. ನಾಜಲ್‌ಗಳನ್ನು ಭದ್ರಾವತಿಗೆ ಒಯ್ದು ಪರೀಕ್ಷೆ ಮಾಡಿಸಿದ. ಪಂಪು ಬಿಚ್ಚಿದ, ಕಟ್ಟಿದ. ಸೈಲೆನ್ಸರನ್ನೂ ಕಳಚಿ ಬಡಿದು ನೋಡಿದ. ಪ್ರತಿ ಸಲವೂ ಭೀಮೇಶ ಕುಂಟುವ ಲಾರಿಯನ್ನು ಸೋತ ಮುಖ ಹೊತ್ತು ತರುವುದು. ಏಕಾಂತಪ್ಪ ತನ್ನ ಪದ್ಧತಿಯಂತೆ ಎಲ್ಲಕ್ಕಿಂತ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಬಿದಿರು ಕಡ್ಡಿ ಇಳಿಬಿಟ್ಟು ಡೀಸೆಲ್ ಎಷ್ಟಿದೆಯೆಂದು ನೋಡಿ, ಕಡ್ಡಿ ಮೂಸಿ, ಆಮೇಲೆ ಇಂಜಿನ್ ಹಚ್ಚುವುದು. ಹಚ್ಚಿದರೆ ಲಾರಿ ಏನೂ ಆಗಿಯೇ ಇಲ್ಲವೆಂಬಂತೆ ಓಡುವುದು. ಡೀಸೆಲ್ ನೋಡದೆ ಇಂಜಿನ್ ಮುಟ್ಟಬಾರದು ಎಂಬುದು ಅವನ ಶಿಸ್ತು. ಮುಚ್ಚಳದ ಮೇಲೆ ಆಯುಧಪೂಜೆಯ ವಿಭೂತಿಯೂ ಬೊಟ್ಟೂ ಇನ್ನೂ ಉಳಿದಿದ್ದವು. ಪೂಜೆಯ ಗುರುತನ್ನು ನಾವಾಗಿ ಒರೆಸಬಾರದು, ಅದಾಗಿ ಹೋಗಬೇಕು ಎಂದು ಅದಕ್ಕೆ ಕೈ ತಾಗದಂತೆ ಅಂಚು ಹಿಡಿದೇ ತಿರುಗಿಸುತ್ತಿದ್ದ.

‘ಏಕಾಂತಣ್ಣ, ಬೇಜಾರ್ ಮಾಡ್ಕೋಬೇಡಿ’ ಎಂದ ಭೀಮೇಶ. ಇಂಜಿನ್ ಆರಿಸಿ, ಎದುರಿಗೇ ಬಂದು ನಿಂತು ಹೇಳಿದ್ದರಿಂದ ಪೂರಾ ಕೇಳಿಸಿತು. ಇಂಥವೆಲ್ಲ ಯಾವಾಗಲೂ ಪೂರಾ ಕೇಳಿಸುತ್ತವೆ. ‘ಇವತ್ತೊಂದಿನ ನೋಡಾಣ. ಇವತ್ತೂ ಹತ್ತಲಿಲ್ಲ ಅಂದ್ರೆ ನಾಳೆ ಶಿವಮೊಗ್ಗದಲ್ಲಿ ಬಿಟ್ಟು ಇಂಜಿನ್ ಇಳಿಸ್ಬಿಡ್ತೀನಿ. ಮರಳಿನ ಸೀಜನ್ನು, ಕೂತ್ರೆ ಆಗಲ್ಲ ಮಾರಾಯ್ರೆ.’

‘ಇಂಜಿನ್ ಇಳಿಸೋ ಕಾಯಿಲೆ ಅಲ್ಲ ಕಣೋ ಅದು.’

‘ಮತ್ತೇನು ಕಾಯಿಲೆ? ಅದನ್ನಾದ್ರೂ ಹೇಳಿ.’

ಏಕಾಂತಪ್ಪ ಸ್ಪ್ಯಾನರನ್ನು ಅದರ ಜಾಗದಲ್ಲಿ ಇಟ್ಟ. ಭೀಮೇಶನ ಜೊತೆ ಹೊಳೆಯವರೆಗೆ ಹೋಗಿ ಕಣ್ಣಾರೆ ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದ, ಎಷ್ಟೋ ಸಲ ಏನೋ ನೆಪ ತೆಗೆದು ಉಳಿದಿದ್ದ. ಅಲ್ಲಿ, ಏರಿನಲ್ಲಿ, ಇಂಜಿನ್ ನರಳುವಾಗ ಆ ನರಳಾಟ ಭೀಮೇಶನಿಗೂ ಮರಳು ತುಂಬುವ ಆಳುಗಳಿಗೂ ಕೇಳಿಸಿ ತನಗೊಬ್ಬನಿಗೇ ಕೇಳಿಸದಿದ್ದರೆ? ‘ಕೇಳಿಸ್ತಾ ಅಣ್ಣ, ಅಗೋ ಅದೇ ಸದ್ದು’ ಎಂದು ಭೀಮೇಶ ಮುಖ ನೋಡಿದರೆ? ಮನಸ್ಸಿನಲ್ಲಿ ಅವನು ಒಂದು ತೀರ್ಮಾನ ಮಾಡಿಬಿಟ್ಟಿದ್ದ. ಈ ಲಾರಿಯ ಇಂಜಿನ್ ಬೇರೆಯವರ ಶೆಡ್ಡಿನಲ್ಲಿ ಇಳಿದರೆ ಅಲ್ಲಿಗೆ ತನ್ನ ಕಸುಬು ಮುಗಿಯಿತು. ಬಾಗಿಲು ಹಾಕಿ ಶೆಡ್ಡನ್ನು ಮುರುಗೇಶಪ್ಪನ ಕಬ್ಬಿಣ ಪೇರಿಸಲು ಬಿಟ್ಟುಕೊಡುವುದು. ಯಾರೂ ಹೋಗು ಎನ್ನುವ ಮೊದಲೇ ಎದ್ದು ಹೋಗುವುದರಲ್ಲಿ ಒಂದು ಮಾನವಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೇಳಿಕೊಂಡದ್ದು ಸಮಾಧಾನ ತಂದಿರಲಿಲ್ಲ.

‘ನಡಿ, ನಾನೂ ಬರ್ತೀನಿ’ ಎಂದ.

ಶೆಡ್ಡಿನ ಹಿಂದಿನ ಮನೆಯಿಂದ ದಾಕ್ಷಾಯಣಮ್ಮ ಬುಟ್ಟಿ ಹಿಡಿದು ಬಂದದ್ದು ಆಗ. ಲಾರಿ ಹೊಳಲೂರಿಗೆ ಹೊರಟಿದೆಯೆಂದು ಗೊತ್ತಾಗಿ ಸೀರೆ ಬದಲಿಸಿಕೊಂಡೇ ಬಂದಿದ್ದಳು. ಅವಳ ಅಕ್ಕ ಜಗದಾಂಬಾಳ ಮನೆ ಅಲ್ಲಿ ಹೊಳೆಯ ದಾರಿಯಲ್ಲೇ ಇತ್ತು. ಗಂಡನ ಕಡೆ ನೋಡದೆ ಭೀಮೇಶನಿಗೇ ಹೇಳಿದಳು: ‘ನನ್ನೂ ಕರ್ಕೊಂಡು ಹೋಗಪ್ಪ. ಅಕ್ಕನ್ನ ನೋಡ್ಬೇಕು ಅಂತ ಹದಿನೈದು ದಿನದಿಂದ ಇವರಿಗೆ ಹೇಳ್ತಿದೀನಿ. ಗೋಡೆಗೆ ಹೇಳಿದ್ರೆ ಕೊನೇಪಕ್ಷ ನನ್ನ ದನಿನಾದ್ರೂ ವಾಪಸ್ ಬರ್ತಿತ್ತು.’ ಭೀಮೇಶ ನಕ್ಕ. ಏಕಾಂತಪ್ಪ ಒಂದು ಕ್ಷಣ ತಡವಾಗಿ ನಕ್ಕ, ಈಚೆಗೆ ಎಲ್ಲ ಕಡೆಯೂ ನಗುವ ಹಾಗೆ, ಬೇರೆಯವರ ಮುಖ ನೋಡಿಕೊಂಡು.

ಕ್ಯಾಬಿನ್ನಿನಲ್ಲಿ ಅವನು ನಡುವೆ, ಅವಳು ಕಿಟಕಿಯ ಪಕ್ಕ. ಲಾರಿ ಶಿವಮೊಗ್ಗದ ರಸ್ತೆ ಹಿಡಿಯಿತು. ಮದುವೆಯಾದ ಹೊಸತರಲ್ಲಿ ಹೀಗೆಯೇ ರಿಪೇರಿಯಾದ ಲಾರಿಗಳಲ್ಲಿ ಅವಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಮಾತು ಅವಳದ್ದು; ಕಂಡ ಮರ, ಕಂಡ ದನ, ಯಾರದೋ ಮನೆಯ ಬಣ್ಣ, ಎಲ್ಲಕ್ಕೂ ಒಂದು ಮಾತು. ‘ಸುಮ್ನಿರು ಮಾರಾಯ್ತಿ, ಇಂಜಿನ್ ಏನ್ ಹೇಳ್ತದೆ ಕೇಳ್ಸಿಕೊಳ್ಬೇಕು’ ಎಂದು ಅವನೇ ಬಾಯಿ ಮುಚ್ಚಿಸುತ್ತಿದ್ದ. ಈಗ ಇಂಜಿನ್ನೂ ಹೇಳುತ್ತಿಲ್ಲ, ಅವಳೂ ಹೇಳುತ್ತಿಲ್ಲ. ಅವಳ ಮಾತು ಈ ಎರಡು ವರ್ಷದಲ್ಲಿ ಕಡಿಮೆಯಾಗುತ್ತ ಬಂದದ್ದನ್ನು ಅವನು ನೋಡಿದ್ದ. ಮೊದಲು ಒಂದೇ ಮಾತನ್ನು ಎರಡು ಸಲ ಹೇಳಿದಳು, ಆಮೇಲೆ ಸಿಡುಕಿದಳು, ಆಮೇಲೆ ಅಡುಗೆಮನೆಯಿಂದ ಕರೆಯುವುದನ್ನು ಬಿಟ್ಟು ತಟ್ಟೆಯನ್ನು ಸದ್ದಿಲ್ಲದೆ ತಂದಿಡತೊಡಗಿದಳು. ಒಂದು ದಿನ ಕುಕ್ಕರ್ ಇಟ್ಟು ‘ಮೂರು ಕೂಗಿದ್ರೆ ಆರಿಸಿ’ ಎಂದು ಹೇಳಿ ಬಟ್ಟೆ ಒಗೆಯಲು ಹೋಗಿದ್ದಳು. ಅವನು ಕುಕ್ಕರಿನ ಎದುರಿನ ಕೋಣೆಯಲ್ಲೇ ಪೇಪರ್ ಹಿಡಿದು ಕೂತಿದ್ದ. ಅವಳು ಸೋಪಿನ ಕೈಯಲ್ಲೇ ಓಡಿಬರುವಷ್ಟರಲ್ಲಿ ಬೇಳೆ ಸೀದು ಮನೆಯೆಲ್ಲ ಹೊಗೆ. ‘ಕಣ್ಣು ಹತ್ತಿತ್ತು’ ಎಂದ. ತೆರೆದ ಪೇಪರ್ ತೊಡೆಯ ಮೇಲಿತ್ತು, ಕನ್ನಡಕ ಮೂಗಿನ ಮೇಲಿತ್ತು. ಅವಳು ಅದೆಲ್ಲವನ್ನೂ ನೋಡಿ ಒಂದು ಮಾತೂ ಆಡದೆ ಆ ಸೀದ ಬೇಳೆಯಲ್ಲೇ ಸಾರು ಮಾಡಿ ತಾನೂ ಉಂಡಿದ್ದಳು. ಗಂಡನಿಗೆ ತಾನು ಬೇಡವಾಗಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದ. ಅವಳಿಗೆ ಹೇಳಿದರೆ ರವೀಂದ್ರ­ನಗರದಲ್ಲಿರುವ ಮಗಳು ಸುಮನಾಳಿಗೆ ಗೊತ್ತಾಗುತ್ತದೆ, ಮಗಳಿಗೆ ಗೊತ್ತಾದರೆ ಡಾಕ್ಟರು, ಮಿಷನ್ನು, ಅದು ಕಿವಿಯ ಮೇಲೆ ಎಲ್ಲರಿಗೂ ಕಾಣುತ್ತದೆ, ಮಿಷನ್ ಹಾಕಿಕೊಂಡ ಕಿವಿಗೆ ಯಾವ ಡ್ರೈವರ್ ಇಂಜಿನ್ ಒಪ್ಪಿಸುತ್ತಾನೆ? ಪ್ರತಿ ಸಲವೂ ಲೆಕ್ಕ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಪಕ್ಕದಲ್ಲಿ ಅವಳ ಭುಜ ಲಾರಿಯ ಕುಲುಕಾಟಕ್ಕೆ ಅವನ ಭುಜಕ್ಕೆ ತಾಗಿತು, ಮತ್ತೆ ದೂರವಾಯಿತು.

ಶಿವಮೊಗ್ಗ ದಾಟುವವರೆಗೂ ಲಾರಿ ಕುದುರೆಯಂತೆ ಓಡಿತು. ಹೊಳಲೂರು ಹತ್ತಿರವಾದಂತೆ ಭೀಮೇಶ ‘ನೋಡಿ, ಶುರುವಾಯ್ತು’ ಎಂದ. ಏಕಾಂತಪ್ಪ ಪಾದವನ್ನು ತಳದ ತಗಡಿಗೆ ಒತ್ತಿ ಹಿಡಿದ. ನಡುಕ ಬದಲಾಗಿರಲಿಲ್ಲ, ಎಳೆತ ಮಾತ್ರ ಸಡಿಲವಾಗಿತ್ತು. ಹೆಂಡತಿಯನ್ನು ದಾಟಿ ಕಿಟಕಿಯಿಂದ ಬಗ್ಗಿ ಹೊಗೆ ನೋಡಿದ. ಹೊಗೆಯೇ ಇಲ್ಲ. ಇದು ಅವನ ಮನಸ್ಸಿನ ಒಂದು ಮೂಲೆಯಲ್ಲಿ ಉಳಿಯಿತು. ನಾಜಲ್ ಕೆಟ್ಟಿದ್ದರೆ ಕರಿಹೊಗೆ ಬರಬೇಕಿತ್ತು, ಆಯಿಲ್ ಸುಡುತ್ತಿದ್ದರೆ ನೀಲಿ. ಹೊಗೆಯೇ ಇಲ್ಲವೆಂದರೆ ಇಂಜಿನ್ ಉಪವಾಸವಿದೆ ಎಂದರ್ಥ. ಆದರೆ ಟ್ಯಾಂಕಿನ ತುಂಬ ಡೀಸೆಲ್ ಇದೆ, ಪೈಪು ಶುಭ್ರವಿದೆ, ಪಂಪು ಸರಿಯಿದೆ. ಕಣ್ಣು ಹೇಳಿದ್ದನ್ನು ಕಿವಿಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುವುದು ಅವನ ರೂಢಿ. ಖಾತ್ರಿ ಮಾಡುವವರೇ ಇಲ್ಲದ್ದರಿಂದ ಕಣ್ಣು ಹೇಳಿದ್ದು ಹಾಗೇ ಉಳಿಯಿತು.

ದಾಕ್ಷಾಯಣಮ್ಮ ಅಕ್ಕನ ಮನೆಯ ಹತ್ತಿರ ಇಳಿದುಕೊಂಡಳು. ಲಾರಿ ದಂಡೆಯಿಳಿದು ಹೊಳೆಯ ಮರಳಿಗೆ ಬಂತು. ಆಳುಗಳು ಬುಟ್ಟಿ ಸಲಿಕೆ ಹಿಡಿದು ತುಂಬಲು ನಿಂತರು. ಮಾಡಲು ಏನೂ ಕೆಲಸವಿಲ್ಲದೆ ಏಕಾಂತಪ್ಪ ಒಂದು ಕಡೆ ಮರಳಿನ ಮೇಲೆ ಕೂತ. ಕಾರ್ತಿಕದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ತುಂಗೆ ಆಚೆ ದಡಕ್ಕೆ ಸರಿದುಕೊಂಡು ತಿಳಿಯಾಗಿ ಹರಿಯುತ್ತಿದ್ದಳು. ಹರಿಯುವುದು ಕಣ್ಣಿಗೆ ಕಾಣುತ್ತಿತ್ತು, ಸದ್ದು ಇರಲಿಲ್ಲ. ಮೊದಲು ಹೀಗೆ ಸದ್ದಿಲ್ಲದ ಹೊಳೆ ಕಂಡಾಗ ಅವನಿಗೆ ಗಾಬರಿಯಾಗಿತ್ತು. ಈಗ ಅದೂ ಒಂದು ಬಗೆಯಲ್ಲಿ ಚೆನ್ನಾಗಿಯೇ ಇದೆ ಎನಿಸಿತು. ಸಲಿಕೆಯಿಂದ ಮರಳು ಹಾರಿ ಬಿಸಿಲಿನಲ್ಲಿ ಮಿಂಚಿ ಬೀಳುವುದನ್ನು, ಒಬ್ಬ ಆಳು ಇನ್ನೊಬ್ಬನಿಗೆ ಏನೋ ಪೋಲಿ ಮಾತು ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡುತ್ತ ಕೂತ. ಕೇಳಿಸದ ಪೋಲಿ ಮಾತಿಗೆ ಇಲ್ಲಿ ಅವನು ನಗಬೇಕಾಗಿರಲಿಲ್ಲ. ನಾಳೆಯಿಂದ ಹೀಗೆಯೇ ಕೂತಿರಬಹುದು, ಯಾವ ಇಂಜಿನ್ನಿಗೂ ಕಿವಿ ಕೊಡಬೇಕಾಗಿಲ್ಲ ಎನ್ನುವ ಯೋಚನೆ ಬಂತು. ಅದು ಹಾಯೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೂ ಬಂತು. ಲಾರಿ ತುಂಬುವ ಹೊತ್ತಿಗೆ ದಾಕ್ಷಾಯಣಮ್ಮ ದಂಡೆಯ ಮೇಲೆ ಕಾಣಿಸಿಕೊಂಡಳು. ಅಕ್ಕನ ಮನೆಯಿಂದ ಅವಲಕ್ಕಿ, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು.

ಭೀಮೇಶ ಇಂಜಿನ್ ಹಚ್ಚಿ ಏರಿಗೆ ಬಿಟ್ಟ. ಏಕಾಂತಪ್ಪ ಪಕ್ಕದಲ್ಲೇ ನಡೆದ. ಲಾರಿ ಕಾಲುಭಾಗ ಹತ್ತಿತು, ಅರ್ಧ ಹತ್ತಿತು, ಅಲ್ಲಿ ಅದರ ಗುಡುಗು ಕೆಳಗಿಳಿಯತೊಡಗಿದ್ದು ಅವನ ಅಂಗಾಲಿಗೇ ತಿಳಿಯಿತು. ಹೊಗೆಯಿಲ್ಲ. ಇನ್ನೊಂದು ಗಜ. ನಿಂತಿತು. ಆಳುಗಳು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಭೀಮೇಶ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದ. ಅವನ ಮುಖ ನೋಡಲಾಗಲಿಲ್ಲ. ಏನು ಮಾಡಲೂ ತೋಚದೆ ಏಕಾಂತಪ್ಪ ರೂಢಿಯಂತೆ ಟ್ಯಾಂಕಿನ ಹತ್ತಿರ ಹೋದ. ದಾಕ್ಷಾಯಣಮ್ಮ ದಂಡೆಯಿಂದ ಇಳಿದು ಬಂದು ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು. ಅಂಚು ಹಿಡಿದು ಮುಚ್ಚಳ ತಿರುಗಿಸಿ ತೆಗೆದ. ಅವಳ ತುಟಿ ಅಲುಗಿತು. ‘ಹೂಂ’ ಎಂದು ಎಂದಿನಂತೆ ತಲೆಯಾಡಿಸಿ ಕಡ್ಡಿ ಇಳಿಬಿಡಲು ಬಗ್ಗಿದವನು ತಡೆದ. ಅವಳು ಮಾತಾಡುವಾಗ ತನ್ನ ಮುಖ ನೋಡಿರಲಿಲ್ಲ, ಮುಚ್ಚಳ ನೋಡಿದ್ದಳು. ಅವಳ ಹುಬ್ಬು ಆಶ್ಚರ್ಯದಿಂದ ಮೇಲೆ ಹೋಗಿತ್ತು.

‘ಏನಂದೆ?’

‘ಏನಿಲ್ಲ ಬಿಡಿ.’

‘ಇಲ್ಲ, ಏನೋ ಅಂದೆ. ಹೇಳು.’

ಮಾತನ್ನು ಕೆದಕಿ ಕೇಳುವ ಗಂಡನನ್ನು ಕಂಡು ಎಷ್ಟು ಕಾಲವಾಗಿತ್ತೋ, ಅವಳು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಅವನ ಕಣ್ಣು ಅವಳ ತುಟಿಯ ಮೇಲಿತ್ತು. ‘ಮುಚ್ಚಳ ತೆಗೆದ್ರಲ್ಲ, ಸುಯ್ ಅಂತಲ್ಲ, ಅದೇನು ಅಂದೆ. ಬಿಸಿ ಕುಕ್ಕರ್ ವೆಯಿಟ್ ಎತ್ತಿದ ಹಂಗೆ.’

ಏಕಾಂತಪ್ಪ ಮುಚ್ಚಳ ಹಿಡಿದು ನಿಂತುಬಿಟ್ಟ. ಟ್ಯಾಂಕಿನಿಂದ ಡೀಸೆಲ್ ಹೋದ ಹಾಗೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಗಾಳಿ ಬರದಿದ್ದರೆ ಟ್ಯಾಂಕು ತನ್ನ ಡೀಸೆಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಇಂಜಿನ್ ಎಷ್ಟು ಎಳೆದರೂ ಬಿಡುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ಒಳಗೆ ನುಗ್ಗಿ, ಸುಯ್ ಎಂದು, ಎಲ್ಲ ಸರಿಹೋಗುತ್ತದೆ. ಪ್ರತಿ ಸಲವೂ ಕಾಯಿಲೆಯ ಲಾರಿ ಶೆಡ್ಡಿಗೆ ಬಂದಿತ್ತು, ಪ್ರತಿ ಸಲವೂ ಅವನು ಶಿಸ್ತಿನಿಂದ ಮೊದಲು ಮುಚ್ಚಳ ತೆಗೆದು ಅದರ ಕಾಯಿಲೆ ವಾಸಿ ಮಾಡಿ, ಆಮೇಲೆ ಕಾಯಿಲೆ ಎಲ್ಲಿದೆಯೆಂದು ದಿನವಿಡೀ ಹುಡುಕಿದ್ದ. ಟ್ಯಾಂಕೂ ಪ್ರತಿ ಸಲ ಅದನ್ನು ಅವನ ಕಿವಿಯ ಹತ್ತಿರವೇ ಹೇಳಿತ್ತು. ಅವನು ಮುಚ್ಚಳವನ್ನು ಬಾಯಿಗೆ ಇಟ್ಟುಕೊಂಡು ಒಳಬದಿಯಿಂದ ಊದಿದ. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು, ಗಾಳಿ ಹೊರಗೆ ಹೋಗಲಿಲ್ಲ.

‘ಪಿನ್ನಿದೆಯಾ?’

ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಟ್ಟಳು. ಮುಚ್ಚಳದ ನಡುವೆ, ಬೊಟ್ಟು ಇದ್ದ ಜಾಗದಲ್ಲೇ ಪಿನ್ನು ಚುಚ್ಚಿ ಆಡಿಸಿದ. ಗಟ್ಟಿಯಾಗಿ ಒಣಗಿದ ಕೆಂಪು ಚೂರುಗಳು ಅವನ ಅಂಗೈಗೆ ಉದುರಿದವು. ಮತ್ತೆ ಊದಿದ. ಗಾಳಿ ಸರಾಗವಾಗಿ ಹೋಯಿತು.

‘ಇದೇನಣ್ಣ ಕೆಂಪಗೆ, ಇಟ್ಟಿಗೆ ಪುಡಿ ಇದ್ದಂಗೆ?’ ಕ್ಯಾಬಿನ್ನಿನಿಂದ ಇಳಿದು ಬಂದ ಭೀಮೇಶ ಇಣುಕಿದ.

‘ಅಯ್ಯೋ ಶಿವನೇ’ ಎಂದಳು ದಾಕ್ಷಾಯಣಮ್ಮ. ಬುಟ್ಟಿಯನ್ನು ಕೆಳಗಿಟ್ಟಳು. ‘ಅದು ನಾನಿಟ್ಟಿದ್ದು. ಆಯುಧಪೂಜೆ ದಿನ. ಸರಿಯಾಗಿ ನಡೂ ಮಧ್ಯ ಒಂದು ತೂತಿತ್ತು, ಬೊಟ್ಟಿಡೋಕೇ ಮಾಡಿರೋ ಹಂಗೆ. ಕುಂಕುಮಾನ ಗಂಧದಲ್ಲಿ ಕಲಸಿ ಚೆನ್ನಾಗಿ ಒತ್ತಿಟ್ಟೆ. ಅದೂ ಉಣ್ಣೋ ಬಾಯಲ್ವಾ ಅಂತ...’

ಭೀಮೇಶ ಒಂದು ಗಳಿಗೆ ಬಾಯಿ ಬಿಟ್ಟು ನಿಂತ, ಆಮೇಲೆ ನಕ್ಕ ನೋಡಿ, ಲಾರಿಗೆ ಒರಗಿಕೊಂಡು ನಕ್ಕ. ‘ಅಕ್ಕಾ, ನಿಮ್ಮ ಭಕ್ತಿಗೆ ನನ್ನ ಗಾಡಿ ಉಸಿರೇ ಕಟ್ಟಿತ್ತಲ್ಲ!’ ಆಳುಗಳೂ ಸೇರಿಕೊಂಡರು. ಒಬ್ಬ ಆಗಲೇ ಕೆಳಗಿನ ಮರಳಲ್ಲಿ ನಿಂತವರಿಗೆ ಕೂಗಿ ಹೇಳುತ್ತಿದ್ದ: ಅಮ್ಮೋರು ಬೊಟ್ಟಿಟ್ಟು ಲಾರಿ ನಿಲ್ಸಿದಾರಂತೆ! ದಾಕ್ಷಾಯಣಮ್ಮ ತಾನೂ ನಗಲು ನೋಡಿದಳು. ಆಗಲಿಲ್ಲ. ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಭೀಮೇಶ ಕಣ್ಣೊರೆಸಿಕೊಳ್ಳುತ್ತ ಏಕಾಂತಪ್ಪನ ಕಡೆ ತಿರುಗಿ, ಯಾವ ಕೆಡುಕೂ ಇಲ್ಲದೆ, ಕೇಳಿಯೇ ಬಿಟ್ಟ: ‘ಅಲ್ಲ ಏಕಾಂತಣ್ಣ, ಬಂದಾಗೆಲ್ಲ ಮುಚ್ಚಳ ತೆಗೀತಿದ್ರಿ. ಒಂದ್ ಸರ್ತಿನೂ ಸುಯ್ ಅನ್ನಲಿಲ್ವಾ?’

ಉತ್ತರ ಸಿದ್ಧವಾಗಿತ್ತು. ‘ಇಲ್ಲ, ಇವತ್ತೇ ಮೊದಲು ಅಂದಿದ್ದು.’ ಇಷ್ಟು ಹೇಳಿದರೆ ಸಾಕು, ಯಾರೂ ಅಲ್ಲಗಳೆಯುವಂತಿರಲಿಲ್ಲ. ಅವನು ಊದಿ ನೋಡಿದ್ದೇ ನಾಳೆ ದೊಡ್ಡ ಕಥೆಯಾಗಿ, ಏಕಾಂತಪ್ಪನ ಹೆಸರು ಇನ್ನಷ್ಟು ಮೇಲೇರುತ್ತಿತ್ತು. ನಗು ಅವಳ ಪಾಲಿಗೆ ಉಳಿಯುತ್ತಿತ್ತು, ಅಷ್ಟೇ. ಹೊಳಲೂರಿನಿಂದ ಮಾಚೇನಹಳ್ಳಿಯವರೆಗೆ ಒಂದೊಂದು ಟೀ ಅಂಗಡಿಯಲ್ಲೂ ಒಂದಿಷ್ಟು ಬೆಳೆದುಕೊಂಡು ಬರುತ್ತಿತ್ತು. ಅವಳು ಅದನ್ನೂ ಬಾಯಿ ಬಿಡದೆ ಉಂಡುಕೊಳ್ಳುತ್ತಿದ್ದಳು. ಏಕಾಂತಪ್ಪ ಅವಳನ್ನು ನೋಡಿದ. ಮರಳಿಗೆ ಬಿದ್ದಿದ್ದ ಪಿನ್ನನ್ನು ಅವಳು ಹೆಕ್ಕಿಕೊಂಡು ಸೀರೆಗೆ ಒರೆಸುತ್ತಿದ್ದಳು. ಒರೆಸಿದ ಪಿನ್ನನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

‘ಅಂದಿರ್ತದೆ’ ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: ‘ಪ್ರತಿ ಸಲಾನೂ ಅಂದಿರ್ತದೆ ಭೀಮೇಶ. ನಂಗೆ ಕೇಳ್ಸಿಲ್ಲ. ಕಿವಿ ಹೋಗಿದೆ. ಎರಡು ವರ್ಷ ಆಯ್ತು.’

ನಗು ನಿಂತಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಕಾಂತಪ್ಪ ಮುಂದಿನದಕ್ಕೆ ಕಾದ. ಭೀಮೇಶ ಗಲ್ಲ ಕೆರೆದುಕೊಂಡು ಏನೋ ಯೋಚಿಸಿದ. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದು ದನಿ ಎತ್ತರಿಸಿ ಕೇಳಿದ:

‘ಎರಡು ವರ್ಷಾನಾ? ಅಂದ್ರೆ ಹೋದ ವರ್ಷ ನನ್ ಗಾಡಿ ಇಂಜಿನ್ ಪೂರಾ ಬಿಚ್ಚಿ ಕಟ್ಟಿದ್ದು ಕಿವಿ ಇಲ್ದೇನಾ?’

‘ಹೂಂ.’

‘ಚೆನ್ನಾಗೇ ಓಡ್ತಲ್ಲ ಮಾರಾಯ್ರೆ!’ ಮತ್ತೆ ಅನುಮಾನ ಬಂದು ಕೇಳಿದ: ‘ಹಂಗಾದ್ರೆ ಆ ಸ್ಕ್ರೂಡ್ರೈವರ್ ಕಿವಿಗಿಟ್ಕೊಂಡು ಕಣ್ ಮುಚ್ಕೊಳ್ಳೋದು?’

‘ಅದು ಸುಮ್ನೆ.’

ಈ ಸಲದ ನಗು ಮೊದಲಿನದಕ್ಕಿಂತ ಜೋರಾಗಿತ್ತು, ಮತ್ತು ಅದು ಪೂರಾ ಏಕಾಂತಪ್ಪನ ಮೇಲೆಯೇ ಇತ್ತು. ಇಷ್ಟು ದಿನ ಹೆದರಿಕೊಂಡಿದ್ದ ನಗು ಇದೇ. ಮೈಮೇಲೆ ಬಿದ್ದ ಮೇಲೆ ನೋಡಿದರೆ ಅಂಥದ್ದೇನೂ ಇರಲಿಲ್ಲ. ಮುರುಗೇಶಪ್ಪ ಇಷ್ಟು ದಿನ ಸುಮ್ಮಸುಮ್ಮನೆ ಲೇತು ನಿಲ್ಲಿಸಿದ್ದು ನೆನಪಾಗಿ ಅವನೂ ನಕ್ಕ, ಯಾರ ಮುಖವನ್ನೂ ನೋಡದೆ, ಸರಿಯಾದ ಹೊತ್ತಿಗೆ.

ದಾಕ್ಷಾಯಣಮ್ಮ ನಗಲಿಲ್ಲ. ‘ಎರಡು ವರ್ಷ ಅಂದ್ರಾ?’ ಎಂದಳು. ಅವನು ತುಟಿ ನೋಡಿ ತಿಳಿದುಕೊಂಡು ತಲೆಯಾಡಿಸಿದ. ‘ಅಂದ್ರೆ ನಾನು ಕರೆದಾಗೆಲ್ಲ...’

‘ಕೇಳ್ತಿರಲಿಲ್ಲ.’

‘ಇವರಿಗೆ ನಾನು ಸಾಕಾಗಿದೀನಿ ಅಂತ ನಾನು...’

‘ಗೊತ್ತಿತ್ತು.’

‘ಗೊತ್ತಿತ್ತು!’ ಎಂದಳು. ಅವಳ ದನಿ ಏರಿತು. ಏರಿದ್ದರಿಂದ ಒಂದೊಂದು ಅಕ್ಷರವೂ ಅವನಿಗೆ ತಲುಪಿತು. ‘ಗೊತ್ತಿದ್ದೂ ಸುಮ್ನಿದ್ರಾ? ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಕಟುಕ ಅನ್ನಿಸ್ಕೊಳ್ಳೋದೇ ವಾಸಿ ಆಯ್ತಾ ನಿಮ್ಗೆ?’ ಅವನಿಗೆ ನಾಚಿಕೆಯಾಯಿತು, ಒಳಗೆಲ್ಲ ನಾಚಿಕೆಯಾಯಿತು. ಅದರ ಜೊತೆಗೇ ಭಾರದ ಸಾಮಾನು ಇಳಿಸಿದ ಮೇಲೆ ಹೆಗಲಿಗೆ ಆಗುವಂಥ ಹಿತವೂ ಆಯಿತು. ಬಯ್ಯುತ್ತಿದ್ದಾಳೆ, ತನಗೆ ಕೇಳಿಸುವಂತೆ ಬಯ್ಯುತ್ತಿದ್ದಾಳೆ. ಇನ್ನಷ್ಟು ಬಯ್ದರೂ ಆದೀತು ಎಂದು ನಿಂತುಕೊಂಡ.

ಭೀಮೇಶ ಮುಚ್ಚಳ ಹಾಕಿಸಿಕೊಂಡು ಇಂಜಿನ್ ಹಚ್ಚಿದ. ಕಲ್ಲು ತೆಗೆದರು. ಲಾರಿ ಒಮ್ಮೆ ನಡು ಬಗ್ಗಿಸಿ, ಮರಳಿನ ಅಷ್ಟೂ ಭಾರ ಹೊತ್ತು, ಏರಿನ ಉಳಿದರ್ಧವನ್ನು ಒಂದೇ ದಮ್ಮಿಗೆ ಹತ್ತಿತು. ನೆಲದ ಅದುರು ಏಕಾಂತಪ್ಪನ ಅಂಗಾಲಿನಿಂದ ಮೊಣಕಾಲಿನವರೆಗೂ ಬಂತು. ‘ಹೆಂಗಿದೆ ಸದ್ದು, ಹೇಳು’ ಎಂದ ಹೆಂಡತಿಗೆ.

ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ತಲೆ ಓರೆ ಮಾಡಿ, ಮೇಲೆ ಹೋದ ಲಾರಿಯ ಕಡೆಗೆ ಕಿವಿ ಕೊಟ್ಟಳು. ‘ಬೀಸೋ ಕಲ್ಲು ತಿರುಗಿದ ಹಂಗಿದೆ. ಒಂದೇ ಸಮ.’

‘ನಡುನಡುವೆ ಟಿಕ್ ಅಂತದಾ?’

ಅವಳು ಇನ್ನೊಮ್ಮೆ ಕೇಳಿಸಿಕೊಂಡಳು. ‘ಇಲ್ಲ.’ ಆಮೇಲೆ ಅವನ ಎಡಕ್ಕೆ ಬಂದಳು. ಮತ್ತೇನೋ ನೆನೆದು ಬಲಕ್ಕೆ ಹೋದಳು. ಯಾವ ಕಿವಿ ವಾಸಿ ಎಂದು ಕೈಯಲ್ಲಿ ಕೇಳಿದಳು. ಅವನು ಎಡಗಿವಿ ಮುಟ್ಟಿ ತೋರಿಸಿದ. ಅವಳು ಆ ಕಿವಿಗೆ ಬಾಯಿಟ್ಟು, ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ಅಂದಾಜಿಲ್ಲದೆ, ಹೊಳೆಯ ಆಚೆ ದಡಕ್ಕೂ ಕೇಳುವಂತೆ ಹೇಳಿದಳು: ‘ಹೋದ ಯುಗಾದಿಗೆ ಸುಮನಾ ನಂಗೊಂದು ಸೀರೆ ತಂದಿದ್ಲು, ಗಿಳಿಹಸಿರಿನದು. ಮೈಮೇಲೆ ಹಾಕ್ಕೊಂಡು ನಿಮ್ಮ ಬೆನ್ನ ಹಿಂದೆ ನಿಂತು ಕೇಳಿದ್ದೆ, ಈ ವಯಸ್ಸಿಗೆ ಇದು ಒಪ್ಪುತ್ತಾ ಅಂತ. ನೀವು ತಿರುಗಿಯೂ ನೋಡ್ಲಿಲ್ಲ. ಮಡಚಿಟ್ಟೆ. ಇವತ್ತಿನವರೆಗೂ ಉಟ್ಟಿಲ್ಲ.’

ಮರಳಿನ ಆಳುಗಳೆಲ್ಲ ಬುಟ್ಟಿ ಹಿಡಿದುಕೊಂಡು ಅವನ ಉತ್ತರಕ್ಕೆ ಕಾದಿದ್ದರು. ಒಪ್ಪುತ್ತೆ ಎಂದುಬಿಡುವುದು ಸುಲಭವಿತ್ತು, ಆದರೆ ಏಕಾಂತಪ್ಪನಿಗೆ ಇವತ್ತು ಸುಲಭದ ಮಾತು ಬೇಡವಾಗಿತ್ತು.

‘ನೋಡ್ದೆ ಹೆಂಗೆ ಹೇಳ್ಲಿ?’ ಎಂದ. ‘ನಾಳೆ ಉಟ್ಕೊಂಡು ನನ್ನ ಮುಂದೆ ಬಂದು ನಿಂತ್ಕೋ.’

ದಂಡೆಯ ಮೇಲಿನಿಂದ ಭೀಮೇಶ ಅವರಿಬ್ಬರನ್ನೂ ಕರೆಯಲು ಉದ್ದಕ್ಕೆ ಹಾರ್ನ್ ಹೊಡೆದ. ಅದು ಏಕಾಂತಪ್ಪನಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಅವನು ಅವಳ ಕಡೆಯಿಂದ ಮುಖ ತಿರುಗಿಸಲಿಲ್ಲ.